ಕಾಚಂಪುಳಿ ಎಲ್ಲರ ಮನೆಯಲ್ಲೂ ಒಂದೇ, ಬೋರ್ಡೋ ಯಾಕೆ ತೋಟಕ್ಕೊಂದು ಥರ?

ಗದ್ದೆಬದು:
ಮಳೆಗಾಲ ಹಿಡಿಯೋಕೆ ಮುಂಚೆ ಕೊಡಗು ಜಿಲ್ಲೆಯಲ್ಲೆಲ್ಲ ಬೋರ್ಡೋ ಕಲಸೋ ಕೆಲಸ, ಅಂದರೆ ಕಾಫಿ ಗಿಡದ ರೋಗಕ್ಕೆ ಹೊಡೆಯೋ ಮೈಲುತುತ್ತ ಸುಣ್ಣದ ದ್ರಾವಣ. ಬೇಲಿಯ ಆಚೆ ಈಚೆ ಇರೋ ಎರಡು ತೋಟದಲ್ಲೇ ಎರಡು ಕ್ರಮ ಕಾಣುತ್ತೆ. ಒಬ್ಬರು ತುತ್ತದ ನೀರನ್ನ ಸುಣ್ಣಕ್ಕೆ ಹೊಯ್ತಾರೆ, ಪಕ್ಕದವರು ಸುಣ್ಣವನ್ನ ತುತ್ತಕ್ಕೆ. ಒಬ್ಬರು ಅದೇ ದಿನ ಖಾಲಿ ಮಾಡ್ತಾರೆ, ಇನ್ನೊಬ್ಬರು ಉಳಿದದ್ದನ್ನ ನಾಳೆಗೆ ಮುಚ್ಚಿಡ್ತಾರೆ. ಇದು ಅಳತೆ ಸಮೇತ ಅಚ್ಚಾಗಿ ಬಂದ ವಿದ್ಯೆ, ಕರಪತ್ರ ಹಂಚಿದ್ದಾರೆ.

ಕಾಚಂಪುಳಿಗೆ, ಅದೇ ಉಪ್ಪಾಗೆ ಹಣ್ಣಿನ ರಸ ಕಾಯಿಸಿ ಮಾಡೋ ಕಪ್ಪು ಹುಳಿಗೆ, ಯಾರೂ ಕರಪತ್ರ ಹಂಚಿಲ್ಲ. ಆದರೂ ಕುಟ್ಟದಲ್ಲಿ ಮಾಡಿದ್ದೂ ಭಾಗಮಂಡಲದಲ್ಲಿ ಮಾಡಿದ್ದೂ ಮುಖ್ಯ ಹಂತಗಳಲ್ಲಿ ಒಂದೇ. ಬರೆದಿಟ್ಟದ್ದು ದಾರಿ ತಪ್ಪುತ್ತೆ, ಬರೆಯದೇ ಇದ್ದದ್ದು ನೇರ ಬರುತ್ತೆ. ಇದು ಹೇಗೆ? ಒಂದು ಪದ್ಧತಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಯಾವ ಭಾಗ ಉಳಿಯುತ್ತೆ, ಯಾವುದು ಉದುರುತ್ತೆ ಅನ್ನೋದಕ್ಕೆ ಏನಾದರೂ ಲೆಕ್ಕ ಇದೆಯಾ?

ಪಲ್ಪರ್ ಮನೆ:
ಮೊದಲು ಸರಿ ಕ್ರಮ ಯಾವುದು ಅಂತ ಇಲ್ಲಿ ಬಿದ್ದಿರಲಿ, ಆಮೇಲೆ ವಾದ ಮಾಡೋಣ.

ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಟ್ಟ ಸುಣ್ಣ, ಒಟ್ಟು 100 ಲೀಟರ್ ನೀರು. ತುತ್ತವನ್ನ ಪುಡಿ ಮಾಡಿ ಅಥವಾ ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು 50 ಲೀಟರ್‌ನಲ್ಲಿ ಕರಗಿಸಬೇಕು. ಇನ್ನೊಂದು ಬ್ಯಾರಲ್‌ನಲ್ಲಿ ಸುಣ್ಣಕ್ಕೆ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಅರಳಿಸಿ, ಆರಿದ ಮೇಲೆ 50 ಲೀಟರ್ ಮಾಡಿ ಸೋಸಬೇಕು. ನಂತರ ತುತ್ತದ ನೀರನ್ನ ಸುಣ್ಣದ ಹಾಲಿಗೆ ನಿಧಾನಕ್ಕೆ ಹೊಯ್ಯುತ್ತಾ, ಮರದ ಕೋಲಿನಿಂದ ಕೈ ಬಿಡದೆ ತಿರುಗಿಸಬೇಕು. ಕಾಫಿಯ ಕೊಳೆರೋಗಕ್ಕೆ ಶೇ 1, ಎಲೆಯ ತುಕ್ಕು ರೋಗಕ್ಕೆ ಶೇ 0.5. ಎರಡಕ್ಕೂ ಎಲೆಯ ಅಡಿಭಾಗ ನೆನೆಯಲೇಬೇಕು.

ತಿರುಗಾ ಹೊಯ್ದರೆ, ಅಂದರೆ ಸುಣ್ಣವನ್ನ ತುತ್ತಕ್ಕೆ ಹೊಯ್ದರೆ, ಏನಾಗುತ್ತೆ? ಸುಣ್ಣ ಬೀಳ್ತಾ ಹೋಗೋವರೆಗೂ ಬ್ಯಾರಲ್‌ನಲ್ಲಿ ತುತ್ತವೇ ಹೆಚ್ಚು, ಅಂದರೆ ಹುಳಿ ಗುಣವೇ ಹೆಚ್ಚು. ಕಣ ದಪ್ಪ ಕಟ್ಟಿ ಒಡೆದ ಹಾಲಿನ ಥರ ಆಗುತ್ತೆ, ಬೇಗ ತಳ ಹಿಡಿಯುತ್ತೆ, ನಾಜಲ್ ಕಟ್ಟಿಕೊಳ್ಳುತ್ತೆ, ಎಲೆಗೂ ಸರಿಯಾಗಿ ಅಂಟಲ್ಲ. ಸರಿಯಾದದ್ದು ತಿಳಿ ಆಕಾಶ ನೀಲಿ ಬಣ್ಣ ಬಂದು ಬಹಳ ಹೊತ್ತು ತೇಲಿಕೊಂಡೇ ಇರುತ್ತೆ.

ಮಳೆಹುಳ:
ಬ್ಯಾರಲ್ ಕಬ್ಬಿಣದ್ದಾದರೆ ನಡೆಯುತ್ತಾ ಅಣ್ಣ?

ಪಲ್ಪರ್ ಮನೆ:
ಬೇಡವೇ ಬೇಡ. ತುತ್ತದಲ್ಲಿರೋ ತಾಮ್ರ ಕಬ್ಬಿಣದ ಮೇಲೆ ಕೂತುಬಿಡುತ್ತೆ, ಬ್ಯಾರಲ್ಲೂ ತೂತು. ತಗಡಿನ ಬಕೆಟ್ ಕೂಡ ಆಗಲ್ಲ. ಪ್ಲಾಸ್ಟಿಕ್, ಮರ, ಸಿಮೆಂಟ್ ತೊಟ್ಟಿ ಸರಿ.

ಹಳೇ ಮೇಷ್ಟ್ರು, ಪೊನ್ನಂಪೇಟೆ:
ಗದ್ದೆಬದು ಅವರ ಪ್ರಶ್ನೆಗೆ ಉತ್ತರ ಈ ಎರಡು ಕೆಲಸಗಳ ಒಳಗೇ ಇದೆ. ಕಾಚಂಪುಳಿ ಕಾಯಿಸೋದರಲ್ಲಿ ತಪ್ಪಿದರೆ ಶಿಕ್ಷೆ ಬೇಗ, ಮತ್ತು ಕಣ್ಣಿಗೆ ಕಾಣೋ ಹಾಗೆ. ನೀರಿನಂಶ ಉಳಿದರೆ ಬಾಟಲಿಯಲ್ಲಿ ಬೂಷ್ಟು ಕಟ್ಟುತ್ತೆ, ಇಲ್ಲಾ ಹುದುಗು ಬಂದು ಮುಚ್ಚಳ ಉಬ್ಬುತ್ತೆ. ಬೇರೆ ಯಾರ ಮೇಲೂ ಹೊರಿಸೋ ಹಾಗಿಲ್ಲ. ಹೀಗಾಗಿ ತಪ್ಪು ಕ್ರಮ ಮುಂದಿನ ಮಳೆಗಾಲಕ್ಕೆ ದಾಟೋದೇ ಇಲ್ಲ.

ಬೋರ್ಡೋ ಹಾಗಲ್ಲ. ಮೇ ಕೊನೆಯಲ್ಲಿ ಹೊಡೆದ ಔಷಧಿ ಕೆಟ್ಟಿತ್ತು ಅನ್ನೋದು ಜುಲೈ ಆಗಸ್ಟ್‌ನಲ್ಲಿ ಎಲೆ ಕಪ್ಪಾಗಿ ನೇತಾಡುವಾಗ ಗೊತ್ತಾಗುತ್ತೆ. ಆಗ ಮಳೆ ಜಾಸ್ತಿ ಆಯ್ತು, ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಸರಿಯಾಗಿ ಆಗಲಿಲ್ಲ, ನೆರಳು ಹೆಚ್ಚಿತ್ತು ಅಂತ ಹತ್ತು ಕಾರಣ. ಅದೆಲ್ಲ ನಿಜವೂ ಇರಬಹುದು. ಕಲಸಿದ ಕ್ರಮದ ಕಡೆ ಬೆರಳು ಹೋಗಲ್ಲ. ಇನ್ನೊಂದು ವರ್ಷ ಮಳೆ ಕಡಿಮೆ ಬಂದರೆ ತಪ್ಪು ಕಲಸಿದವರ ತೋಟವೂ ಚೆನ್ನಾಗಿರುತ್ತೆ, ಅವರ ಕ್ರಮವನ್ನ ಮತ್ತೆ ನಾಲ್ಕು ಜನ ಕಲೀತಾರೆ. ಬರೆದಿಟ್ಟಿದೆಯಾ ಬಾಯಲ್ಲಿ ಬಂತಾ ಅನ್ನೋದು ಎರಡನೇ ಮಾತು. ತಪ್ಪು ತಾನಾಗಿ ಸಿಕ್ಕಿಬೀಳುತ್ತಾ ಅನ್ನೋದು ಮೊದಲ ಮಾತು.

ಮೂರ್ನಾಡಕ್ಕ:
ಮೇಷ್ಟ್ರೇ, ಅರ್ಧ ಒಪ್ತೀನಿ. ಕಲಿಸೋ ವಿಧಾನ ಬಿಟ್ಟುಬಿಟ್ಟಿರಿ. ಕಾಚಂಪುಳಿ ಕಿವಿಯಲ್ಲಿ ಕಲಿಯೋದಲ್ಲ, ಒಲೆ ಹತ್ರ ನಿಂತು ಕಲಿಯೋದು.

ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನ ಆರಿಸಿ ತರಬೇಕು, ಕಾಯಿ ಸೇರಿಸಬಾರದು. ಬುಟ್ಟಿಗೆ ತುಂಬಿ ಕೆಳಗೆ ಪಾತ್ರೆ ಇಟ್ಟರೆ ಹಣ್ಣು ಕರಗಿ ರಸ ತಾನಾಗಿ ಇಳಿಯೋಕೆ ಕೆಲವು ದಿನ ಹಿಡಿಯುತ್ತೆ. ಸೋಸಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೊದಲು ನೊರೆ, ಆಮೇಲೆ ಬಣ್ಣ ಕಂದು, ಕೊನೆಗೆ ಕಪ್ಪು. ಸೌಟಿನಿಂದ ಬೀಳೋ ಹನಿ ನೀರಿನ ಹಾಗೆ ಓಡದೆ ಎಳೆಯಾಗಿ ನಿಧಾನಕ್ಕೆ ಇಳಿದರೆ ಆಯ್ತು. ಆಗ ಉರಿ ಜಾಸ್ತಿ ಮಾಡಿದರೆ ತಳ ಸೀದು ಕಹಿ. ಪಾತ್ರೆ ಮಣ್ಣಿನದ್ದು ಅಥವಾ ಸ್ಟೀಲು. ಅಲ್ಯೂಮಿನಿಯಂ ಆಗದು, ಹುಳಿ ಅದನ್ನ ತಿನ್ನುತ್ತೆ. ಆರಿದ ಮೇಲೆ ಒಣಗಿದ ಗಾಜಿನ ಬಾಟಲಿ.

ಈಗ ಹೇಳಿ, "ಎಳೆಯಾಗಿ ಇಳಿಯಬೇಕು" ಅನ್ನೋದನ್ನ ಕರಪತ್ರದಲ್ಲಿ ಹೇಗೆ ಹಾಕ್ತೀರಿ? ನೋಡಿದವರಿಗೆ ಮಾತ್ರ ಗೊತ್ತು. ಬೋರ್ಡೋದಲ್ಲಿ "ಒಂದಕ್ಕೆ ಒಂದು" ಅಂತ ಫೋನಲ್ಲಿ ಹೇಳಿ ಮುಗಿಸ್ತಾರೆ.

ಪಲ್ಪರ್ ಮನೆ:
ಅಕ್ಕ ಹೇಳಿದ "ಒಂದಕ್ಕೆ ಒಂದು" ಅನ್ನೋದೇ ದೊಡ್ಡ ಎಡವಟ್ಟು. ಅಂಕಿ ದಾಟುತ್ತೆ, ಅಂಕಿಯ ಹಿಂದಿರೋ ಷರತ್ತು ದಾಟಲ್ಲ. ಒಂದಕ್ಕೆ ಒಂದು ಅಂದದ್ದು ಹೊಸದಾಗಿ ಸುಟ್ಟ, ನೀರು ಸೋಕದ ಸುಣ್ಣಕ್ಕೆ. ಅರಳಿದ ಪುಡಿ ಸುಣ್ಣ ತಂದರೆ ಅದೇ ಶಕ್ತಿಗೆ ಸುಮಾರು 1.3 ಕೆಜಿ ಬೇಕು, ಯಾಕೆಂದರೆ ಅದರ ತೂಕದಲ್ಲಿ ನೀರೂ ಸೇರಿದೆ. ತಿಂಗಳುಗಟ್ಟಲೆ ಬಾಯಿ ಬಿಚ್ಚಿ ಇಟ್ಟ ಚೀಲವಾದರೆ ಗಾಳಿ ತಗುಲಿ ಮತ್ತೆ ಸುಣ್ಣಕಲ್ಲಿನ ಪುಡಿಯೇ ಆಗಿರುತ್ತೆ, ಎಷ್ಟು ಹಾಕಿದರೂ ಪ್ರಯೋಜನ ಕಡಿಮೆ. ಅಳತೆ ಕರಾರುವಾಕ್ಕು, ಆದರೂ ದ್ರಾವಣ ಹುಳಿ, ಎಲೆ ಸುಟ್ಟಿರುತ್ತೆ.

ಕೊಟ್ಟೆಹೊನಲು:
ಈ ದ್ರಾವಣದ ಹುಟ್ಟೇ ಈ ಚರ್ಚೆಗೆ ಒಳ್ಳೇ ಉದಾಹರಣೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಬದಿಯ ದ್ರಾಕ್ಷಿಗೆ ತುತ್ತ ಸುಣ್ಣ ಹೊಡೀತಿದ್ದದ್ದು ರೋಗಕ್ಕಲ್ಲ, ದಾರಿಹೋಕರು ಕಿತ್ತು ತಿನ್ನದಿರಲಿ ಅಂತ. 1882ರಲ್ಲಿ ಮಿಲಾರ್ದೆ ಅನ್ನೋ ಸಸ್ಯವಿಜ್ಞಾನಿ ಆ ಬಳ್ಳಿಗಳಲ್ಲಿ ಮಾತ್ರ ಬೂಜು ರೋಗ ಇಲ್ಲ ಅನ್ನೋದನ್ನ ಗಮನಿಸಿದರು, 1885ರಲ್ಲಿ ಕ್ರಮ ಪ್ರಕಟಿಸಿದರು. ಕಳ್ಳರಿಗೆ ಅಂತ ಶುರುವಾದ ರೂಢಿ ಶಿಲೀಂಧ್ರದ ಔಷಧಿ ಆಯ್ತು. ನಮ್ಮ ಕಡೆ ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ ಇದನ್ನ ಅಡಿಕೆಯ ಕೊಳೆಗೆ ತಂದರು.

ಅದಕ್ಕೂ ಮೊದಲು ಮಲೆನಾಡಿನಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟೋರು. ಕರಡದ ಹುಲ್ಲಲ್ಲಿ ಹೆಣೆದ ಟೊಪ್ಪಿ ಅದು. ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಸರಕು ಬದಲಾಯ್ತು, "ಗೊನೆಗೆ ನೀರು ತಾಗಬಾರದು" ಅನ್ನೋ ಆಲೋಚನೆ ಹಾಗೇ ಇತ್ತು. ಆಲೋಚನೆ ಒಂದು, ಅದರ ಮೈ ಇನ್ನೊಂದು. ಎರಡೂ ಒಟ್ಟಿಗೇ ಸಾಗಬೇಕು ಅಂತೇನಿಲ್ಲ.

ನಿಶಾನಿ ಮೊಟ್ಟೆ:
ಇದಕ್ಕೇ ಅಲ್ವಾ ಮೀಮ್ ಅನ್ನೋದು? ಫೋನಲ್ಲಿ ಬರೋ ಚಿತ್ರ ಅಲ್ಲ, ಅದರ ಮೂಲ ಅರ್ಥ. 1976ರಲ್ಲಿ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಇಟ್ಟ ಹೆಸರು. ಜೀನ್ ಹೇಗೆ ನಕಲಾಗಿ ಮುಂದೆ ಹೋಗುತ್ತೋ ಹಾಗೆ ರಾಗ, ಉಡುಗೆ, ಮಡಕೆ ಮಾಡೋ ಕ್ರಮ ಎಲ್ಲ ಮನಸ್ಸಿಂದ ಮನಸ್ಸಿಗೆ ನಕಲಾಗುತ್ತೆ ಅಂತ.

ಹಳೇ ಮೇಷ್ಟ್ರು, ಪೊನ್ನಂಪೇಟೆ:
ಹೆಸರು ಒಳ್ಳೇದು, ಆದರೆ "ನಕಲು" ಅನ್ನೋ ಪದದಲ್ಲೇ ತೊಡಕಿದೆ. 1996ರಲ್ಲಿ ಮಾನವಶಾಸ್ತ್ರಜ್ಞ ದಾನ್ ಸ್ಪರ್ಬರ್ ಎತ್ತಿದ ಆಕ್ಷೇಪ ಇದೇ: ಮನಸ್ಸಿಂದ ಮನಸ್ಸಿಗೆ ಹಾಗೇ ನಕಲಾಗೋದು ಬಹಳ ಕಡಿಮೆ. ಒಬ್ಬರು ಮಾಡಿದ್ದನ್ನ ನೋಡಿ ಇನ್ನೊಬ್ಬರು ತಮ್ಮ ತಲೆಯಲ್ಲಿ ಹೊಸದಾಗಿ ಕಟ್ಟಿಕೊಳ್ತಾರೆ. ಕಟ್ಟಿಕೊಳ್ಳುವಾಗ ತಮಗೆ ಮೊದಲೇ ಗೊತ್ತಿದ್ದದ್ದರ ಕಡೆ ಜಾರುತ್ತೆ.

1932ರಲ್ಲೇ ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ ಇದನ್ನ ತೋರಿಸಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯನ್ನ ಒಬ್ಬರಿಗೆ ಓದಿಸಿ, ಅವರು ನೆನಪಿಂದ ಬರೆದದ್ದನ್ನ ಮುಂದಿನವರಿಗೆ ಕೊಟ್ಟು, ಹೀಗೇ ಸರಪಳಿ ಮಾಡಿದರು. ಕಥೆ ಚಿಕ್ಕದಾಗ್ತಾ ಹೋಯ್ತು, ಅರ್ಥವಾಗದ ವಿವರ ಉದುರಿದವು, ಉಳಿದದ್ದು ಇಂಗ್ಲಿಷರಿಗೆ ಪರಿಚಿತ ಅನ್ನಿಸೋ ರೂಪಕ್ಕೆ ತಿರುಗಿತು. ಸುಣ್ಣ ಅಂದ ಕೂಡಲೇ ಗೋಡೆಗೆ ಬಳಿಯೋ ಪುಡಿ ಸುಣ್ಣವೇ ನೆನಪಿಗೆ ಬರೋದು ಕೂಡ ಇದೇ ಜಾರುವಿಕೆ.

ಕುಶಾಲನಗರ ಬ್ರಿಡ್ಜ್:
ನೂರನೇ ಕೋತಿ ವಿಚಾರ ಯಾರೂ ಹೇಳಲಿಲ್ವಲ್ಲ. ಜಪಾನಿನ ದ್ವೀಪದಲ್ಲಿ ಇಷ್ಟು ಕೋತಿ ಗೆಣಸು ತೊಳೆಯೋದು ಕಲಿತ ಕೂಡಲೇ ಬೇರೆ ದ್ವೀಪದ ಕೋತಿಗಳಿಗೂ ತಾನಾಗಿ ಬಂತಂತೆ.

ಹಳೇ ಮೇಷ್ಟ್ರು, ಪೊನ್ನಂಪೇಟೆ:
ಅದು ಕಟ್ಟುಕಥೆ. ನಿಜವಾಗಿ ನಡೆದದ್ದು ಇನ್ನೂ ಚೆನ್ನಾಗಿದೆ. ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಅನ್ನೋ ಮರಿ ಹೆಣ್ಣು ಕೋತಿ ಗೆಣಸಿನ ಮಣ್ಣನ್ನ ನೀರಲ್ಲಿ ತೊಳೆಯೋಕೆ ಶುರು ಮಾಡಿತು. ಜೊತೆಯ ಮರಿಗಳಿಗೂ ಅದರ ತಾಯಿಗೂ ಹಬ್ಬಿತು. 1958ರ ಹೊತ್ತಿಗೆ 2ರಿಂದ 7 ವರ್ಷದ 19 ಕೋತಿಗಳಲ್ಲಿ 15 ಕಲಿತಿದ್ದವು, ಅದಕ್ಕಿಂತ ದೊಡ್ಡ 11ರಲ್ಲಿ ಎರಡೇ. ಆಮೇಲೆ ಕಲಿತ ಹೆಣ್ಣುಗಳು ತಾಯಿಯಾದಾಗ ಅವುಗಳ ಮರಿಗಳು ತಾಯಿಯನ್ನ ನೋಡಿ ಚಿಕ್ಕಂದಿನಲ್ಲೇ ಕಲಿತವು. ಮಾಯೆ ಏನಿಲ್ಲ, ಯಾರ ಪಕ್ಕ ಯಾರು ಕೂತು ತಿಂತಾರೆ ಅನ್ನೋದರ ಲೆಕ್ಕ.

ನಿಶಾನಿ ಮೊಟ್ಟೆ:
ಅಂದರೆ ಹೊಸದು ಅಡ್ಡಡ್ಡ ಹಬ್ಬುತ್ತೆ, ಬೇರೂರಿದ ಮೇಲೆ ಮೇಲಿಂದ ಕೆಳಗೆ ಇಳಿಯುತ್ತೆ. 1981ರಲ್ಲಿ ಕವಾಲಿ ಸ್ಫೋರ್ಜಾ ಮತ್ತು ಫೆಲ್ಡ್‌ಮನ್ ಅನ್ನೋ ವಿಜ್ಞಾನಿಗಳು ಮಾಡಿದ ವಿಂಗಡಣೆಯೂ ಇದೇ: ಅಪ್ಪ ಅಮ್ಮನಿಂದ, ಓರಗೆಯವರಿಂದ, ಹಿಂದಿನ ತಲೆಮಾರಿನ ಬೇರೆಯವರಿಂದ. ಮನೆಯೊಳಗೆ ಇಳಿದದ್ದು ನಿಧಾನಕ್ಕೆ ಬದಲಾಗುತ್ತೆ, ಓರಗೆಯಲ್ಲಿ ಹಬ್ಬಿದ್ದು ಬೇಗ ಏರುತ್ತೆ, ಬೇಗ ಇಳಿಯುತ್ತೆ.

ಸ್ಟಿಕ್‌ವರ್ಕ್:
ಓರಗೆಯಲ್ಲಿ ಹಬ್ಬಿದ್ದೆಲ್ಲ ಬೇಗ ಇಳಿಯಲ್ಲ. ಕೊಡವ ಕುಟುಂಬಗಳ ಹಾಕಿ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬದವರು ನಡೆಸಿದಾಗ 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360. ಉಳಿದದ್ದಕ್ಕೆ ಕಾರಣ ಅದರ ಕಟ್ಟಣೆ. ಪ್ರತಿ ವರ್ಷ ಬೇರೆ ಒಕ್ಕ (ಒಂದೇ ಮನೆತನದ ಕುಟುಂಬ) ಜವಾಬ್ದಾರಿ ಹೊರುತ್ತೆ. ಮೈದಾನ ಸಿದ್ಧಪಡಿಸೋದು, ಯಾರಿಗೆ ಯಾರು ಎದುರು ಅಂತ ಟೈ ಹಾಕೋದು, ತೀರ್ಪುಗಾರರನ್ನ ಕರೆಸೋದು, ಊಟದ ಲೆಕ್ಕ, ಎಲ್ಲ ಕೆಲಸ ಪ್ರತಿ ಸಲ ಹೊಸ ಕೈಗೆ ಹೋಗುತ್ತೆ. ಒಂದೇ ಸಮಿತಿಯ ಕೈಯಲ್ಲಿದ್ದಿದ್ದರೆ ಆ ಐದಾರು ಜನ ಸುಸ್ತಾದ ದಿನ ನಿಲ್ಲುತ್ತಿತ್ತು. ತಂಡ ಕಟ್ಟೋಕೆ ಕುಟುಂಬದ ಹೆಸರೇ ಆಧಾರ, ಹೊರಗಿನಿಂದ ಆಟಗಾರರನ್ನ ತರೋ ಹಾಗಿಲ್ಲ, ಹಾಗಾಗಿ ಹನ್ನೆರಡರ ಹುಡುಗನೂ ಅರವತ್ತರ ಅಜ್ಜನೂ ಒಂದೇ ತಂಡದಲ್ಲಿ. ಓರಗೆಯದ್ದು ಮನೆಯೊಳಗಿನದ್ದಾಗಿ ಬದಲಾಗಿದ್ದು ಅಲ್ಲೇ. ಇದೇ ಮಾದರಿಯನ್ನ ಅರೆಭಾಷೆ ಗೌಡ ಕುಟುಂಬಗಳು ಕ್ರಿಕೆಟ್‌ಗೆ ಹಾಕಿಕೊಂಡವು. ಆಟ ಬದಲಾಯ್ತು, ಕಟ್ಟಣೆ ದಾಟಿತು.

ಮಳೆಹುಳ:
ಮೇಷ್ಟ್ರ "ಶಿಕ್ಷೆ" ಲೆಕ್ಕಕ್ಕೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಸಿಗಲ್ಲ. ಬೇರೆ ದಿನ ಕದಿರು ಕೊಯ್ದರೆ ಭತ್ತ ಏನೂ ಕೆಡಲ್ಲ. ಆದರೂ ಎಲ್ಲರೂ ಒಂದೇ ರಾತ್ರಿ.

ಮೂರ್ನಾಡಕ್ಕ:
ಭತ್ತ ಕೆಡಲ್ಲ ತಮ್ಮ, ಹಬ್ಬ ಕೆಡುತ್ತೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಇಡ್ತಾರೆ. ನೆರೆ (ಎಲೆಗಳ ಕಟ್ಟು) ಕಟ್ಟೋದು, ಕದಿರು ತೆಗೆಯೋದು, ಊಟ, ಮೂರಕ್ಕೂ ಗಳಿಗೆ ಹೇಳ್ತಾರೆ. ದೇವಸ್ಥಾನಕ್ಕೆ ಒಂದು ಹೊತ್ತು, ನಾಡಿಗೆ ಅದಾದ ಮೇಲಿನ ಹೊತ್ತು. ಬೇರೆ ದಿನ ಒಬ್ಬರೇ ಗದ್ದೆಗೆ ಹೋಗಿ "ಪೊಲಿ ಪೊಲಿ ದೇವಾ" ಅಂತ ಕೂಗಿದರೆ ಓಗೊಡೋರು ಯಾರು? ಒಟ್ಟಿಗೇ ಮಾಡಿದರೆ ಮಾತ್ರ ಅರ್ಥ ಇರೋ ಕೆಲಸ ದಿನ ತಪ್ಪಿ ಹೋಗಲ್ಲ. ಉಳಿದ ಭಾಗ ಬೇಕಾದಷ್ಟು ಬದಲಾಗಿದೆ ನೋಡಿ. ಗದ್ದೆ ಬಿಟ್ಟವರು ಬೇರೆಯವರ ಗದ್ದೆಯಿಂದ ಕದಿರು ತರ್ತಾರೆ, ಪೇಟೆಯಲ್ಲಿರೋರು ಕೊಡವ ಸಮಾಜದ ಅಂಗಳದಲ್ಲಿ ಸೇರ್ತಾರೆ.

ಹಳೇ ಮೇಷ್ಟ್ರು, ಪೊನ್ನಂಪೇಟೆ:
ಅಕ್ಕ ಸರಿಯಾಗಿ ಹಿಡಿದರು. ನನ್ನ ಮಾತನ್ನ ತಿದ್ದಿಕೊಳ್ತೀನಿ: ತಪ್ಪನ್ನ ಹಿಡಿಯೋದು ಬಾಟಲಿಯೂ ಆಗಬಹುದು, ಪಕ್ಕದಲ್ಲಿ ನಿಂತವರೂ ಆಗಬಹುದು. ಕೊಡವರ ಜನಪದ ಹಾಡು ಬಾಳೋಪಾಟಿನಲ್ಲಿ ಎರಡನೆಯದು ಚೆನ್ನಾಗಿ ಕಾಣುತ್ತೆ. ದುಡಿ ಅನ್ನೋ ಪುಟ್ಟ ವಾದ್ಯ ಹಿಡಿದ ನಾಲ್ವರು. ಇಬ್ಬರು ಹಾಡಿದ ಸಾಲನ್ನ ಇನ್ನಿಬ್ಬರು ಎತ್ತಿಕೊಳ್ತಾರೆ. ಪದ ತಪ್ಪಿದರೆ ತಾಳಕ್ಕೆ ಕೂರಲ್ಲ, ಎದುರಿನ ಜೋಡಿಗೆ ಆ ಕ್ಷಣವೇ ಗೊತ್ತಾಗುತ್ತೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ್ದು 1924ರಲ್ಲಿ ಅಚ್ಚಾಯ್ತು. ಅಲ್ಲಿಯವರೆಗೆ ಅಷ್ಟು ಉದ್ದದ ಹಾಡುಗಳು ಬಾಯಲ್ಲೇ ಬಂದದ್ದು ಈ ಜೋಡಿ ಕಾವಲಿನ ಬಲದಿಂದಲೂ ಹೌದು.

ಕುಶಾಲನಗರ ಬ್ರಿಡ್ಜ್:
ಹಾಗಿದ್ದರೆ ಊರು ದಾಟಿದ ಪಂದಿಕರಿ (ಕಾಚಂಪುಳಿ ಹಾಕೋ ಹಂದಿ ಸಾರು) ಯಾಕೆ ಹಾಳಾಯ್ತು? ಬೆಂಗಳೂರಲ್ಲಿ "ಕೂರ್ಗ್ ಸ್ಟೈಲ್" ಬೋರ್ಡು ಹಾಕಿರೋ ಕಡೆ ಹುಣಸೆಹುಳಿ, ಇಲ್ಲಾ ವಿನೆಗರ್.

ಮೂರ್ನಾಡಕ್ಕ:
ಅವರು ಬಣ್ಣ ನೋಡಿ ಕಲಿತಿದ್ದಾರೆ, ಕ್ರಮ ನೋಡಿ ಅಲ್ಲ. ಕಪ್ಪು ಬರಬೇಕು ಅಂತ ಮಸಾಲೆ ಸೀಯೋವರೆಗೆ ಹುರೀತಾರೆ. ಕಾಳುಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ ಒಂದೊಂದನ್ನೇ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಣ್ಣ ತಿರುಗೋ ಹೊತ್ತಿಗೆ ಜೀರಿಗೆ ಸುಟ್ಟಿರುತ್ತೆ. ಒಂದು ಕೆಜಿ ಮಾಂಸಕ್ಕೆ ಕಾಚಂಪುಳಿ ಎರಡು ಟೀ ಚಮಚದಿಂದ ಶುರು ಮಾಡಿ, ಮಾಂಸ ಬೆಂದ ಮೇಲೆ ಹಾಕಿ, ರುಚಿ ನೋಡಿ ಹೆಚ್ಚಿಸಿ. ಹುಣಸೆಯಲ್ಲಿ ಹುಳಿ ಸಿಗುತ್ತೆ, ಆ ಹೊಗೆ ಘಮ ಸಿಗಲ್ಲ. ತಿನ್ನೋರಿಗೆ ಮೂಲ ರುಚಿ ಗೊತ್ತಿಲ್ಲದ ಊರಲ್ಲಿ ತಪ್ಪು ಹಿಡಿಯೋರೂ ಇಲ್ಲ.

ನಿಶಾನಿ ಮೊಟ್ಟೆ:
ಫಲಿತಾಂಶ ಮಾತ್ರ ಹಿಡಿಯೋದು ಬೇರೆ, ಹಂತ ಹಿಡಿಯೋದು ಬೇರೆ. 2005ರಲ್ಲಿ ಹಾರ್ನರ್ ಮತ್ತು ವೈಟನ್ ಅನ್ನೋರು ಚಿಂಪಾಂಜಿಗಳಿಗೂ ಮಕ್ಕಳಿಗೂ ಒಂದೇ ಪೆಟ್ಟಿಗೆ ಕೊಟ್ಟು ನೋಡಿದರು. ತಿಂಡಿ ತೆಗೆಯೋಕೆ ಬೇಡದ ಹಂತವನ್ನೂ ಸೇರಿಸಿ ತೋರಿಸಿದರು. ಒಳಗೆ ಕಾಣೋ ಪಾರದರ್ಶಕ ಪೆಟ್ಟಿಗೆಯಾದಾಗ ಚಿಂಪಾಂಜಿ ಬೇಡದ್ದನ್ನ ಬಿಟ್ಟಿತು, ಮೂರು ನಾಲ್ಕು ವರ್ಷದ ಮಕ್ಕಳು ಅದನ್ನೂ ಮಾಡಿದರು. ಕೇಳೋಕೆ ಮಕ್ಕಳೇ ದಡ್ಡರು ಅನ್ನಿಸುತ್ತೆ. ಆದರೆ ಕಾರಣ ಕಣ್ಣಿಗೆ ಕಾಣದ ಕೆಲಸದಲ್ಲಿ ಪೂರ್ತಿ ಅನುಕರಿಸಿದವರೇ ಗೆಲ್ಲೋದು. ತುತ್ತವನ್ನ ಯಾವುದಕ್ಕೆ ಹೊಯ್ಯಬೇಕು ಅನ್ನೋದು ನೋಡೋರಿಗೆ ಬೇಡದ ಹಂತದ ಹಾಗೇ ಕಾಣುತ್ತೆ. ಎರಡು ನೀರು ಸೇರಿದರೆ ಸಾಕಲ್ಲ ಅಂತ ಬುದ್ಧಿವಂತರೇ ಅದನ್ನ ಬಿಟ್ಟದ್ದು.

ಕೊಟ್ಟೆಹೊನಲು:
ಕಾಚಂಪುಳಿಯ ಹಣ್ಣೇ ಗಡಿ ದಾಟಿದರೆ ಬೇರೆ ಪದಾರ್ಥ. ಕೇರಳದಲ್ಲಿ ಸಿಪ್ಪೆಯನ್ನ ಹೊಗೆಗೆ ಒಣಗಿಸಿ ಕುಡಂಪುಳಿ ಮಾಡಿ ಮೀನು ಸಾರಿಗೆ ಹಾಕ್ತಾರೆ. ಉತ್ತರ ಕನ್ನಡದಲ್ಲಿ ಅದೇ ಉಪ್ಪಾಗೆ, ಬೀಜದಿಂದ ತುಪ್ಪ ತೆಗೀತಾರೆ. ಇಲ್ಲಿ ರಸ ಕಾಯಿಸ್ತಾರೆ. ಮರ ಒಂದೇ, ಮೂರು ಸೀಮೆಯಲ್ಲಿ ಮೂರು ವಿದ್ಯೆ.

ಮಳೆಹುಳ:
ಅಂಗಡಿ ಕಾಚಂಪುಳಿ ಅಸಲಿಯಾ ಅಂತ ನೋಡೋದು ಹೇಗೆ ಅಕ್ಕ?

ಮೂರ್ನಾಡಕ್ಕ:
ಬಾಟಲಿ ಓರೆ ಮಾಡಿ. ಗಾಜಿಗೆ ಮೆತ್ತಿಕೊಂಡು ನಿಧಾನಕ್ಕೆ ಇಳಿಯಬೇಕು. ನೀರಾಗಿ ಓಡಿದರೆ ತಗೋಬೇಡಿ. ನಾಲಿಗೆಗೆ ಇಟ್ಟರೆ ಹುಳಿ ಮೊದಲು ಬರಬೇಕು, ಬೆಲ್ಲದ ಸಿಹಿ ಬಂದರೆ ಏನೋ ಬೆರೆಸಿದ್ದಾರೆ.

ಸ್ಟಿಕ್‌ವರ್ಕ್:
ವಿಷಯಕ್ಕೆ ಬರೋಣ. ದೊಡ್ಡ ತೋಟದವರು ಮಾಡಿದ್ದನ್ನೇ ಎಲ್ಲರೂ ಮಾಡೋದು ಇನ್ನೊಂದು ಕಾರಣ. ಅವರ ಇಳುವರಿಗೆ ಸ್ಪ್ರಿಂಕ್ಲರ್ ಇರುತ್ತೆ, ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆ ಕೈಕೊಟ್ಟರೂ ನೀರು ಇರುತ್ತೆ. ನೋಡೋರು ಅವರ ಬೋರ್ಡೋ ಕ್ರಮವನ್ನೂ ಆ ಇಳುವರಿಗೆ ಜೋಡಿಸಿಬಿಡ್ತಾರೆ. ಹೆಸರಿದ್ದವರ ಒಳ್ಳೇದರ ಜೊತೆ ತಪ್ಪೂ ಹಬ್ಬುತ್ತೆ. ಈಗ ವಾಟ್ಸಾಪಿನಲ್ಲಿ ಇನ್ನೂ ಸುಲಭ.

ಪಲ್ಪರ್ ಮನೆ:
ವಾಟ್ಸಾಪಿನಲ್ಲಿ ಮಾತು ಬದಲಾಗದೇ ಹೋಗುತ್ತೆ, ಅದೇ ವಿಶೇಷ. ಬಾಯಲ್ಲಿ ಹೋದರೆ ಅಲ್ಲಲ್ಲಿ ಯಾರಾದರೂ ತಿದ್ದೋರು. ಫಾರ್ವರ್ಡ್ ಆದರೆ ತಪ್ಪು ತಪ್ಪಾಗೇ ಅಕ್ಷರವೂ ಕದಲದೆ ಹೋಗುತ್ತೆ. 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಅಂತ ಮಿತಿ ಹಾಕಿದರು, 2020ರಲ್ಲಿ ಜೋಡಿ ಬಾಣದ ಗುರುತಿರೋದನ್ನ, ಅಂದರೆ ಬಹಳ ಸಲ ಫಾರ್ವರ್ಡ್ ಆದದ್ದನ್ನ, ಒಂದೇ ಕಡೆಗೆ ಅಂತ ಮಾಡಿದರು. ವೇಗ ಇಳಿಯುತ್ತೆ, ತಿದ್ದುಪಡಿ ಮಾತ್ರ ನಾವೇ ಮಾಡಬೇಕು.

ಗದ್ದೆಬದು:
ಎಲ್ಲರಿಗೂ ಧನ್ಯವಾದ. ಹಾಗಾದರೆ ಬೋರ್ಡೋಗೂ ಕಾಚಂಪುಳಿಯ ಬಾಟಲಿಯಂಥದ್ದು ಒಂದು ಬೇಕು. ತಪ್ಪು ಆಗಸ್ಟ್‌ನಲ್ಲಲ್ಲ, ಬ್ಯಾರಲ್ ಪಕ್ಕದಲ್ಲೇ, ಆ ಗಳಿಗೆಯಲ್ಲೇ ಕಾಣಬೇಕು.

ಪಲ್ಪರ್ ಮನೆ:
ಇದೆಯಲ್ಲ, ಚೂರಿ ಪರೀಕ್ಷೆ! ಕರಪತ್ರದಲ್ಲಿ ಕೊನೇ ಸಾಲಾಗಿ ಹಾಕಿರ್ತಾರೆ, ಅದೇ ಮೊದಲು ಉದುರೋದು. ಹೊಳೆಯೋ ಕಬ್ಬಿಣದ ಚೂರಿ ಅಥವಾ ಹೊಸ ಮೊಳೆಯನ್ನ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೀರಿ. ಕೆಂಪು ಕಂದು ಬಣ್ಣದ ತಾಮ್ರ ಕೂತಿದ್ದರೆ ತುತ್ತ ಬಿಡುವಾಗಿ ಉಳಿದಿದೆ, ಎಲೆ ಸುಡುತ್ತೆ. ಸುಣ್ಣದ ಹಾಲು ಇನ್ನಷ್ಟು ಹಾಕಿ ತಿರುಗಿಸಿ ಮತ್ತೆ ಅದ್ದಿ. ಚೂರಿ ಹಾಗೇ ಹೊಳೆದರೆ ಹೊಡೆಯಬಹುದು. ಇದು ಹಳೇ ಸುಣ್ಣದ ತಪ್ಪನ್ನೂ ಹಿಡಿಯುತ್ತೆ, ಅಳತೆ ತಪ್ಪಿದ್ದನ್ನೂ ಹಿಡಿಯುತ್ತೆ. ತಿರುಗಾ ಹೊಯ್ದದ್ದನ್ನ ಮಾತ್ರ ಹಿಡಿಯಲ್ಲ. ಅದಕ್ಕೆ ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ಎತ್ತಿಡಿ, ಬೇಗ ತಳ ಇಳಿದು ಮೇಲೆ ತಿಳಿನೀರು ನಿಂತರೆ ಕ್ರಮ ತಪ್ಪಿದೆ.

ಮೂರ್ನಾಡಕ್ಕ:
ಚೂರಿ, ಲೋಟ ಎರಡನ್ನೂ ಬ್ಯಾರಲ್‌ಗೇ ದಾರ ಕಟ್ಟಿ ಹೊರಗಡೆ ನೇತುಹಾಕಿ. ಕಾಗದದಲ್ಲಿ ಇದ್ದರೆ ಯಾರೂ ಮಾಡಲ್ಲ. ಕಲಸೋರ ಕೈಗೆ ಸಿಗೋ ಹಾಗಿದ್ದರೆ ಹೊಸದಾಗಿ ಕೆಲಸಕ್ಕೆ ಬಂದವರೂ ಇದು ಯಾಕೆ ಅಂತ ಕೇಳೇ ಕೇಳ್ತಾರೆ.

ಮಳೆಹುಳ:
ಚೂರಿ ತುಕ್ಕು ಹಿಡಿದಿದ್ದರೆ?

ಪಲ್ಪರ್ ಮನೆ:
ಮರಳು ಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿಕೊಂಡು ಅದ್ದಿ. ತುಕ್ಕಿನ ಮೇಲೆ ತಾಮ್ರದ ಬಣ್ಣ ಗುರುತು ಸಿಗಲ್ಲ. ಸ್ಟೀಲ್ ಚಮಚ ಉಪಯೋಗಿಸಬೇಡಿ, ಅದಕ್ಕೆ ತಾಮ್ರ ಸರಿಯಾಗಿ ಹಿಡಿಯಲ್ಲ, ತಪ್ಪಿದ್ದರೂ ಸರಿ ಅಂತ ತೋರಿಸಿಬಿಡುತ್ತೆ.